ಬಾಣೆ ಯಾರದು? ಆಸ್ತಿ ಹಕ್ಕಿನ ವಾದಗಳಲ್ಲಿ ಯಾವುದನ್ನು ಹಿಡಿಯಬೇಕು

ಕೊಡಗಿನಲ್ಲಿ ಜಾಗದ ತಕರಾರು ಎದ್ದರೆ ಹತ್ತು ನಿಮಿಷದೊಳಗೆ ನಾಲ್ಕೈದು ತತ್ವಜ್ಞಾನಿಗಳು ಅಂಗಳಕ್ಕಿಳಿಯುತ್ತಾರೆ. ಮಾತಾಡುವವರು ಅವರ ಹೆಸರು ಕೇಳಿರಬೇಕೆಂದೇನಿಲ್ಲ. "ಕಾಡು ಕಡಿದು ಕಾಫಿ ಹಾಕಿದ್ದು ನಮ್ಮ ತಾತ" ಅಂದರೆ ಜಾನ್ ಲಾಕ್ ಬಂದ. "ಅದೆಲ್ಲ ಇರ್ಲಿ, ಆರ್‌ಟಿಸಿ ತೋರ್ಸಿ" ಅಂದರೆ ಬೆಂಥಮ್. "ಇಷ್ಟು ವರ್ಷ ನಾವೇ ಅನುಭವಿಸಿದ್ದೀವಿ, ಆಗೆಲ್ಲ ಸುಮ್ನಿದ್ರಲ್ಲ" ಅಂದರೆ ಡೇವಿಡ್ ಹ್ಯೂಮ್. "ಐನ್‌ಮನೆ ಮಾರೋ ಮಾತು ಎತ್ತಬೇಡಿ" ಅಂದಾಗ ಹೆಗೆಲ್; ಐನ್‌ಮನೆಯೆಂದರೆ ಕುಲದ ಮೂಲಮನೆ. ತಮಾಷೆಯೆಂದರೆ ಒಬ್ಬನೇ ಮನುಷ್ಯ ಬೆಳಿಗ್ಗೆ ಲಾಕ್, ಮಧ್ಯಾಹ್ನ ಬೆಂಥಮ್. ಬೇಲಿಯ ಯಾವ ಕಡೆ ನಿಂತಿದ್ದಾನೆ ಎಂಬುದರ ಮೇಲೆ ಅದು ಬದಲಾಗುತ್ತದೆ.

ಈ ವಾದಗಳನ್ನು ಪಕ್ಕಪಕ್ಕ ಇಟ್ಟು, ಯಾವ ಪ್ರಶ್ನೆಗೆ ಯಾವುದು ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ನೋಡೋಣ. ಒಕ್ಕದ, ಅಂದರೆ ಒಂದೇ ಮೂಲದ ಕುಟುಂಬಗಳ ಕುಲದ, ಸಭೆಯಲ್ಲಿ ಕೂರುವವರಿಗೆ, ಕಾನೂನು ಓದುವ ಮಕ್ಕಳಿಗೆ ಉಪಯೋಗವಾದೀತು. ಕೋರ್ಟಿನಲ್ಲಿ ಕೇಸು ಇರುವವರು ವಕೀಲರನ್ನೇ ಕಾಣಬೇಕು.

ಹೋಲಿಕೆಗೆ ಒಂದು ಹಿಡುವಳಿ ಬೇಕು. ವಿರಾಜಪೇಟೆ ಕಡೆಯ ಒಂದು ಒಕ್ಕವನ್ನು ಕಲ್ಪಿಸಿಕೊಳ್ಳಿ. ಕೆಳಗೆ ಜಮ್ಮಾ ಗದ್ದೆ, ಅಂದರೆ ವಂಶಪಾರಂಪರ್ಯದ ಹಿಡುವಳಿಯ ಗದ್ದೆ; ಅದಕ್ಕೆ ಹೊಂದಿಕೊಂಡು ಮೇಲೆ ಬಾಣೆ, ಅಂದರೆ ಆ ಗದ್ದೆಗೆ ಸೇರಿದ ಗುಡ್ಡದ ಜಾಗ. ಬಾಣೆಯಲ್ಲಿ ಈಗ ರೊಬಸ್ಟಾ ಕಾಫಿ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಕರಿಮೆಣಸು, ನಡುವೆ ಇಬ್ಬರು ಸೇರಿದರೆ ತಬ್ಬಬಹುದಾದಷ್ಟು ದಪ್ಪದ ಒಂದು ಬೀಟೆ ಮರ. ಅಂಚಿನಲ್ಲಿ ಮೂರು ಎಕರೆ ಪೈಸಾರಿ, ಅಂದರೆ ಸರ್ಕಾರದ ಜಾಗ. ಬೇಲಿ ಯಾವ ಕಾಲದಲ್ಲೋ ಅದನ್ನೂ ಒಳಗೆ ಹಾಕಿಕೊಂಡಿದೆ. ತೋಟದ ಹಿಂದೆ ಲೈನ್‌ಮನೆ, ಅಲ್ಲಿ ಮೂರು ತಲೆಮಾರಿನಿಂದ ಇದೇ ತೋಟದಲ್ಲಿ ದುಡಿಯುತ್ತಿರುವ ಯರವ ಆದಿವಾಸಿಗಳ ಒಂದು ಕುಟುಂಬ. ಅದರಾಚೆ ಊರಿನ ದೇವರಕಾಡು. ಗದ್ದೆಗೆ ಮುಖ ಮಾಡಿ ಐನ್‌ಮನೆ. ಆರ್‌ಟಿಸಿ ತೆಗೆಸಿದರೆ ಪಟ್ಟೇದಾರನ, ಅಂದರೆ ಒಕ್ಕದ ಮುಖ್ಯಸ್ಥನ, ಹೆಸರಿನ ಜೊತೆ ಉದ್ದನೆಯ ಪಟ್ಟಿ: ಕೆಲವರು ಬೆಂಗಳೂರಿನಲ್ಲಿ, ಒಬ್ಬರು ಕೆನಡಾದಲ್ಲಿ, ಐದಾರು ಮಂದಿ ಆಗಲೇ ತೀರಿಕೊಂಡು ಕೈಮಡ (ಹಿರಿಯರ ಗುಡಿ) ಸೇರಿದವರು.

ಬೆವರು ಸುರಿಸಿದವನದು

ಲಾಕ್ 1689ರಲ್ಲಿ ಮಂಡಿಸಿದ ವಾದ ಕೇಳಲು ಸಲೀಸು. ನನ್ನ ಮೈ ನನ್ನದು, ಮೈಯ ದುಡಿಮೆಯೂ ನನ್ನದು. ಯಾರದೂ ಅಲ್ಲದ ನೆಲಕ್ಕೆ ಆ ದುಡಿಮೆ ಬೆರೆತರೆ ನೆಲವೂ ನನ್ನದು. ನಮಗೆ ಇದು ಹೊಸತೇನಲ್ಲ. ಕಾಡು ಕಡಿದವನದು ಹೊಲ, ಬಾಣ ನೆಟ್ಟವನದು ಜಿಂಕೆ ಎಂಬ ಮಾತು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲೇ ಇದೆ. ದೇವರಾಜ ಅರಸರ ಕಾಲದ "ಉಳುವವನೇ ಹೊಲದೊಡೆಯ" ಎಂಬ ಘೋಷಣೆಯಲ್ಲೂ ಇದೇ ರಕ್ತ ಹರಿಯುತ್ತದೆ.

ಪೈಸಾರಿ ಒಳಹಾಕಿಕೊಂಡವರಿಗೆ ಈ ವಾದ ಬಹಳ ಪ್ರಿಯ. ಆದರೆ ಲಾಕ್‌ನನ್ನು ಪೂರ್ತಿ ಓದಿದರೆ ಅವನು ಅವರ ಪರ ನಿಲ್ಲುವುದು ಕಷ್ಟ. ಅವನೇ ಹಾಕಿದ ಷರತ್ತಿದೆ: ನೀನು ತೆಗೆದುಕೊಂಡ ಮೇಲೆ ಉಳಿದವರಿಗೂ ಸಾಕಷ್ಟು, ಅಷ್ಟೇ ಒಳ್ಳೆಯ ನೆಲ ಮಿಕ್ಕಿರಬೇಕು. ನಿವೇಶನಕ್ಕೆ ಎರಡು ಸೆಂಟು ಜಾಗ ಸಿಗದೆ ಪಂಚಾಯಿತಿಗೆ ಅರ್ಜಿ ಹಾಕಿ ಕೂತವರಿರುವ ಜಿಲ್ಲೆಯಲ್ಲಿ ಆ ಷರತ್ತು ಯಾವತ್ತೋ ಮುರಿದುಬಿದ್ದಿದೆ.

ಇನ್ನೂ ಮುಜುಗರದ ಪ್ರಶ್ನೆ: ಬೆವರು ಯಾರದು? ಗುಂಡಿ ತೆಗೆದವರು, ಗಿಡ ನೆಟ್ಟವರು, ಕಪಾತು ಮಾಡಿದವರು, ಮಂಜಿಗೆ ನಡುಗುತ್ತಾ ಹಣ್ಣು ಕುಯ್ದವರು ಲೈನ್‌ಮನೆಯವರು. ಲಾಕ್ ಇದಕ್ಕೂ ಉತ್ತರ ಇಟ್ಟುಕೊಂಡಿದ್ದ. ನನ್ನ ಕುದುರೆ ಮೇಯ್ದ ಹುಲ್ಲು, ನನ್ನ ಆಳು ಕಡಿದ ಮಣ್ಣಿನ ಹೆಂಟೆ ಎರಡೂ ನನ್ನ ಆಸ್ತಿಯೇ ಎಂದು ಬರೆದ. ಕುದುರೆಯನ್ನೂ ಆಳನ್ನೂ ಒಂದೇ ಸಾಲಿನಲ್ಲಿ ಕಟ್ಟಿಹಾಕಿದ ಈ ವಾಕ್ಯಕ್ಕೆ ಬಂದು ಅವನ ಸಿದ್ಧಾಂತ ಎಡವುತ್ತದೆ ಎಂಬುದು ನನ್ನ ಅಭಿಪ್ರಾಯ. ಮೈಯ ದುಡಿಮೆ ಮೈಯವನದು ಎಂದು ಶುರುಮಾಡಿ, ಕೂಲಿ ಕೊಟ್ಟ ಕ್ಷಣ ಅದು ಧಣಿಯದು ಎಂದರೆ, ನೆಲಕ್ಕೆ ಹಕ್ಕು ಹುಟ್ಟಿಸಿದ್ದು ಬೆವರೋ ಕೂಲಿಯ ದುಡ್ಡೋ?

ಮೂರನೆಯದು, ಯಾವುದು ದುಡಿಮೆ ಎಂಬುದು. ಉಳದ, ಬಿತ್ತದ ನೆಲ ಲಾಕ್‌ನ ಕಣ್ಣಿಗೆ ಪಾಳು. ಅಮೆರಿಕದ ಮೂಲನಿವಾಸಿಗಳ ನೆಲವನ್ನು ಅವನು ಹಾಗೆಯೇ ನೋಡಿದ. ನಾಗರಹೊಳೆಯ ಜೇನುಕುರುಬರು ಯಾವ ಮರದಲ್ಲಿ ಯಾವ ತಿಂಗಳು ಜೇನು ಕಟ್ಟುತ್ತದೆ ಎಂದು ಬಲ್ಲರು, ಅದನ್ನು ನಂಬಿ ತಲೆಮಾರುಗಳು ಬದುಕಿವೆ. ಆ ದುಡಿಮೆ ನೇಗಿಲಿನ ಗೆರೆ ಉಳಿಸುವುದಿಲ್ಲ, ಹಾಗಾಗಿ ಲಾಕ್‌ನ ಲೆಕ್ಕಕ್ಕೇ ಬರುವುದಿಲ್ಲ.

ರಾಬರ್ಟ್ ನೋಜಿಕ್ 1974ರಲ್ಲಿ ಕುಹಕದ ಪ್ರಶ್ನೆ ಕೇಳಿದ. ನನ್ನ ಡಬ್ಬಿಯ ಟೊಮ್ಯಾಟೊ ರಸವನ್ನು ಸಮುದ್ರಕ್ಕೆ ಸುರಿದರೆ ಸಮುದ್ರ ನನ್ನದಾಯಿತೋ, ರಸ ಹಾಳಾಯಿತೋ? ಸರ್ಕಾರಿ ಜಾಗದಲ್ಲಿ ತೋಟ ಮಾಡಿಕೊಂಡವರಿಗೆ 25 ಎಕರೆವರೆಗೆ 30 ವರ್ಷದ ಗುತ್ತಿಗೆ ಎಂದು ಕರ್ನಾಟಕ ಭೂಕಂದಾಯ ಕಾಯ್ದೆಗೆ ತಂದ ತಿದ್ದುಪಡಿ ಇದಕ್ಕೊಂದು ನಡುವಿನ ಉತ್ತರ. ನಿನ್ನ ರಸ ವ್ಯರ್ಥವಾಗಲು ಬಿಡುವುದಿಲ್ಲ, ಸಮುದ್ರ ಮಾತ್ರ ಸರ್ಕಾರದ್ದೇ. ಗುತ್ತಿಗೆ ಪತ್ರಕ್ಕೆ ಸಹಿ ಹಾಕಿದವನು ಲಾಕ್‌ನನ್ನು ಕೈಬಿಟ್ಟಂತೆಯೇ: ನಾನು ಮಾಲೀಕನಲ್ಲ, ಬಾಡಿಗೆದಾರ ಎಂದು ಒಪ್ಪಿದ ಹಾಗಾಯಿತು.

ಕಾಗದ ಇದ್ದವನದು

ಬೆಂಥಮ್‌ಗೆ ಈ ಬೆವರಿನ ಕಥೆಯೆಲ್ಲ ಬೇಡ. ಆಸ್ತಿಯೂ ಕಾನೂನೂ ಒಟ್ಟಿಗೆ ಹುಟ್ಟಿ ಒಟ್ಟಿಗೆ ಸಾಯುತ್ತವೆ ಅನ್ನುವವನು ಅವನು. ನಾಳೆಯೂ ಈ ಗದ್ದೆ ನನ್ನ ಬಳಿ ಇರುತ್ತದೆ ಎಂಬ ಭರವಸೆಯೇ ಆಸ್ತಿ. ಆ ಭರವಸೆ ಕೊಡಬಲ್ಲದ್ದು ಕಾನೂನು ಮಾತ್ರ.

ಸಾಲಕ್ಕೆ ಬ್ಯಾಂಕಿನ ಮೆಟ್ಟಿಲು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಕೊಡಗಿನ ಕಾಗದದ ಚರಿತ್ರೆಯನ್ನು ನೋಡಿ. ಕೊಡಗಿನ ಅರಸ ಲಿಂಗರಾಜೇಂದ್ರನ ಕಾಲದ ಶಿಸ್ತು (ಕಂದಾಯದ ದಾಖಲೆ), 1834ರಲ್ಲಿ ಕಂಪನಿ ಸರ್ಕಾರ, 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್, ಆಮೇಲೆ 1964ರ ರಾಜ್ಯದ ಕಾಯ್ದೆ. ನೆಲ ಅಲ್ಲೇ ಇದೆ, ಮೇಲೆ ಬರೆದ ಭಾಷೆ ಬದಲಾಗುತ್ತ ಬಂದಿದೆ. ಗದ್ದೆಗೆ ಸೊಪ್ಪು, ದನಕ್ಕೆ ಮೇವು, ಒಲೆಗೆ ಸೌದೆ ಒದಗಿಸಲು ಕಂದಾಯವಿಲ್ಲದೆ ಬಿಟ್ಟಿದ್ದ ಬಾಣೆಯ ಮೇಲೆ ಹಿಡುವಳಿದಾರನಿಗಿರುವುದು ಪೂರ್ಣ ಒಡೆತನವೋ ಬರೀ ಬಳಕೆಯ ಹಕ್ಕೋ ಎಂಬ ಪ್ರಶ್ನೆ ಹೈಕೋರ್ಟನ್ನೂ ವಿಧಾನಸಭೆಯನ್ನೂ ಕಾಡಿದ್ದು ಇದೇ ಕಾರಣಕ್ಕೆ. ಬರೆಯುವ ಕೈಗೆ ಅಳಿಸುವುದೂ ಗೊತ್ತು.

ಬೆಂಥಮ್‌ಗೆ ಎದುರಾಡಲು ಇಂಗ್ಲೆಂಡಿಗೆ ಹೋಗಬೇಕಿಲ್ಲ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದ. ಸ್ವತ್ವ ಎಂಬುದು ಶಾಸ್ತ್ರ ಹೇಳಿದ್ದರಿಂದ ಹುಟ್ಟಿತೋ, ಲೋಕದ ವ್ಯವಹಾರದಲ್ಲೇ ಇತ್ತೋ? ಲೌಕಿಕವೇ ಎಂದು ಅವನ ತೀರ್ಮಾನ. ಕೊಟ್ಟ ಪುರಾವೆ ಚಂದ: ಶಾಸ್ತ್ರದ ಗಂಧಗಾಳಿ ಇಲ್ಲದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ, ಇದು ನನ್ನದು ಅನ್ನುತ್ತಾರೆ. ಪುಸ್ತಕಕ್ಕೆ ಮೊದಲೇ ಒಡೆತನ ಇತ್ತು ಎಂದಾಯಿತು. ಸಾಗುವಳಿ ಇದ್ದೂ ದಾಖಲೆ ಇಲ್ಲದವರ ಪರ ಇದಕ್ಕಿಂತ ಗಟ್ಟಿ ವಾದ ನಾನು ಕಂಡಿಲ್ಲ. ಅದೇ ವಿಜ್ಞಾನೇಶ್ವರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದ. ಬಂಗಾಳದ ಜೀಮೂತವಾಹನ, ತಂದೆ ತೀರಿಕೊಂಡ ಮೇಲೆಯೇ ಎಂದ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಆ ಹುಟ್ಟಿನ ಹಕ್ಕನ್ನು ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಸಭೆಯಲ್ಲಿ ಹುಟ್ಟಿನ ಹಕ್ಕು ಎಂದು ಎದೆ ತಟ್ಟುವವರು ಮನೆಯ ಹೆಣ್ಣುಮಗಳೂ ಅದನ್ನೇ ಹೇಳಬಹುದು ಎಂಬುದನ್ನು ಮರೆಯುವಂತಿಲ್ಲ.

ಕಾಗದದ ವಾದವನ್ನೇ ಹಿಡಿಯುವವರು ಸಂವಿಧಾನದಲ್ಲಿ ಅದು ಈಗ ಎಲ್ಲಿದೆ ಎಂದು ತಿಳಿದಿರಬೇಕು. 1978ರ 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು 300ಎ ವಿಧಿಯಲ್ಲಿ ಕೂರಿಸಿತು: ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. ಹಾಗಾದರೆ ಕಾನೂನು ಮಾಡಿ ಕಿತ್ತುಕೊಳ್ಳಬಹುದಲ್ಲ ಅನ್ನಿಸುತ್ತದೆ. ದೇವಿಕಾ ರಾಣಿ ಮತ್ತು ರೋರಿಕ್ ದಂಪತಿಯ ಬೆಂಗಳೂರಿನ ಎಸ್ಟೇಟಿನ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಅಷ್ಟು ಸುಲಭವಲ್ಲ ಎಂದಿತು: ಸಾರ್ವಜನಿಕ ಉದ್ದೇಶ ಇರಲೇಬೇಕು, ಪರಿಹಾರದ ಮಾತೂ ಆ ವಿಧಿಯೊಳಗೇ ಅಡಗಿದೆ. 2024ರಲ್ಲಿ ಕೋಲ್ಕತಾ ಪಾಲಿಕೆಯ ಪ್ರಕರಣದಲ್ಲಿ ನೋಟಿಸ್, ಅಹವಾಲು, ಕಾರಣ ಸಹಿತ ಆದೇಶ, ನ್ಯಾಯವಾದ ಪರಿಹಾರ ಮುಂತಾಗಿ ಏಳು ಉಪಹಕ್ಕುಗಳನ್ನು ಬಿಡಿಸಿಟ್ಟಿತು. ರಸ್ತೆಗೋ ಹೈಟೆನ್ಷನ್ ಲೈನಿಗೋ ಜಾಗ ಬಿಡಬೇಕಾಗಿ ಬಂದವರಿಗೆ ಲಾಕ್‌ನಿಗಿಂತ ಈ ಏಳು ಹೆಚ್ಚು ಕೆಲಸಕ್ಕೆ ಬರುತ್ತವೆ.

ಬಹುಕಾಲ ಅನುಭವಿಸಿದವನದು

ಇದನ್ನು ಬೇಗ ಮುಗಿಸಬಹುದು. ಹ್ಯೂಮ್‌ನ ಪ್ರಕಾರ ಆಸ್ತಿ ಒಂದು ರೂಢಿ. ಯಾರೂ ಬರೆದುಕೊಡದಿದ್ದರೂ, ನಿನ್ನದನ್ನು ನಾನು ಮುಟ್ಟುವುದಿಲ್ಲ, ನನ್ನದನ್ನು ನೀನು ಮುಟ್ಟಬೇಡ ಎಂಬ ಹೊಂದಾಣಿಕೆ ಬೆಳೆದು ಗಟ್ಟಿಯಾಗುತ್ತದೆ. ದೀರ್ಘ ಸ್ವಾಧೀನವನ್ನು ಕದಲಿಸದಿರುವುದೇ ಲೇಸು. 1963ರ ಕಾಲಮಿತಿ ಕಾಯ್ದೆಯಲ್ಲಿ ಖಾಸಗಿ ಜಾಗ ಮರಳಿ ಕೇಳಲು 12 ವರ್ಷ, ಸರ್ಕಾರದ ದಾವೆಗೆ 30 ವರ್ಷ ಎಂದಿರುವುದು ಇದೇ ಬುದ್ಧಿ. ಆದರೆ ಪ್ರತಿಕೂಲ ಸ್ವಾಧೀನ ಸಾಬೀತಾಗಲು ಮಾಲೀಕನಿಗೆ ವಿರುದ್ಧವಾಗಿ, ಬಹಿರಂಗವಾಗಿ ಅನುಭವಿಸಿರಬೇಕು. ಮಾಲೀಕನ ಒಪ್ಪಿಗೆಯ ಮೇಲೆ ಇದ್ದವರಿಗೆ ಆ ದಾರಿ ಇಲ್ಲ. ಹಾಗಾಗಿ ಬೇಲಿ ಸರಿಸಿದವನು ಈ ವಾದ ಹೂಡಬಹುದು. ಧಣಿ ಹೇಳಿದ ಮನೆಯಲ್ಲಿ ಮೂರು ತಲೆಮಾರು ನಿಯತ್ತಿನಿಂದ ಬದುಕಿದ ಕುಟುಂಬ ಹೂಡಲಾರದು. ರೂಢಿಯ ತರ್ಕದಲ್ಲಿ ಇದೊಂದು ಕೆಟ್ಟ ವಕ್ರತೆ.

ಐನ್‌ಮನೆಗೆ ಬೆಲೆ ಕಟ್ಟುವುದು

ಸೆಂಟಿಗೆ ಎಷ್ಟು ಎಂದು ಕೇಳಿ ಐನ್‌ಮನೆಯ ಲೆಕ್ಕ ಹಾಕಲು ಹೊರಟವನಿಗೆ ಹೆಗೆಲ್ 1821ರಲ್ಲೇ ಉತ್ತರ ಕೊಟ್ಟಿದ್ದಾನೆ. ಮನುಷ್ಯ ತನ್ನ ಇಚ್ಛೆಯನ್ನು ಹೊರಗಿನ ವಸ್ತುವಿನಲ್ಲಿ ನೆಟ್ಟಾಗಲೇ ವ್ಯಕ್ತಿಯಾಗುತ್ತಾನೆ. ಆಸ್ತಿ ವ್ಯಕ್ತಿತ್ವದ ಮುಂದುವರಿಕೆ. 1982ರಲ್ಲಿ ಅಮೆರಿಕದ ಕಾನೂನು ಪಂಡಿತೆ ಮಾರ್ಗರೆಟ್ ರೇಡಿನ್ ಇದನ್ನು ಬಳಕೆಗೆ ಬರುವಂತೆ ಮಾಡಿದರು. ಒಡವೆ ಅಂಗಡಿಯವನ ಬಳಿ ಇರುವ ಉಂಗುರ ಕಳೆದರೆ ದುಡ್ಡು ಕೊಟ್ಟು ಸರಿದೂಗಿಸಬಹುದು, ಮದುವೆಯ ಉಂಗುರಕ್ಕೆ ಹಾಗಾಗದು. ಮೊದಲನೆಯದು ಬದಲಿ ಸಿಗುವ ಆಸ್ತಿ, ಎರಡನೆಯದು ವ್ಯಕ್ತಿಗೆ ಅಂಟಿದ್ದು. ಎರಡನೆಯದಕ್ಕೆ ಕಾನೂನಿನ ರಕ್ಷಣೆ ಹೆಚ್ಚಿರಬೇಕು.

ಐನ್‌ಮನೆ, ಕೈಮಡ, ಸುಗ್ಗಿಯ ಹಬ್ಬ ಪುತ್ತರಿಗೆ ಕದಿರು ತೆಗೆಯುವ ಗದ್ದೆ ಈ ಎರಡನೆಯ ಗುಂಪಿಗೆ ಸೇರುತ್ತವೆ. ಮೇಲಿನ ರೊಬಸ್ಟಾ ತೋಟ ಸೇರುವುದಿಲ್ಲ, ಎಷ್ಟೇ ಪ್ರೀತಿಯಿದ್ದರೂ. ಪಾಲಿನ ಮಾತು ಬಂದಾಗ ಈ ಗೆರೆ ಎಳೆದುಕೊಂಡರೆ ಅರ್ಧ ಜಗಳ ಕಡಿಮೆಯಾಗುತ್ತದೆ: ತೋಟ ಲೆಕ್ಕಕ್ಕೆ, ಐನ್‌ಮನೆ ಲೆಕ್ಕದ ಹೊರಗೆ. ಆದರೆ ಇದೂ ಎರಡು ಕಡೆ ಕೊಯ್ಯುತ್ತದೆ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕಿತ್ತುಹಾಕಿದಾಗ ಬೇರೆ ಕಡೆ ಮನೆ ಕೊಟ್ಟರೆ ಮುಗಿಯಿತಲ್ಲ ಎಂದವರು ಬಹಳ ಮಂದಿ. ಐನ್‌ಮನೆಗೆ ಬದಲಿ ಇಲ್ಲ ಅನ್ನುವವರು ಆದಿವಾಸಿಗಳ ನೆಲೆಯಾದ ಹಾಡಿಗೆ ಬದಲಿ ಇದೆ ಎನ್ನಲು ಬೇರೆ ಕಾರಣ ಹುಡುಕಬೇಕು.

ಕಟ್ಟು ಬಿಚ್ಚಿ ನೋಡುವುದು

ಇಷ್ಟರವರೆಗಿನ ವಾದಗಳೆಲ್ಲ 'ಒಡೆಯ ಯಾರು' ಎಂದು ಕೇಳುತ್ತವೆ. ಒಡೆತನವೆಂದರೆ ಒಬ್ಬನೇ ಒಬ್ಬನ ಸರ್ವಾಧಿಕಾರ ಎಂದು ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ನ್ಯಾಯವೇತ್ತ ಬ್ಲ್ಯಾಕ್‌ಸ್ಟೋನ್ ವರ್ಣಿಸಿದ್ದು ಇನ್ನೂ ನಮ್ಮ ತಲೆಯಲ್ಲಿ ಕೂತಿದೆ. 1913 ಮತ್ತು 1917ರಲ್ಲಿ ಅಮೆರಿಕದ ಕಾನೂನು ಪಂಡಿತ ಹೋಫೆಲ್ಡ್ ಬರೆದ ಎರಡು ಲೇಖನಗಳು ಹಕ್ಕು, ಸ್ವಾತಂತ್ರ್ಯ, ಅಧಿಕಾರ, ರಕ್ಷಣೆ ಎಂದು ಕಾನೂನಿನ ಸಂಬಂಧಗಳನ್ನು ಬೇರೆಬೇರೆ ಮಾಡಿದವು. 1961ರಲ್ಲಿ ಮತ್ತೊಬ್ಬ ಕಾನೂನು ಪಂಡಿತ ಆನರೆ ಒಡೆತನದೊಳಗಿನ ಹನ್ನೊಂದು ಅಂಶಗಳನ್ನು ಪಟ್ಟಿ ಮಾಡಿದ: ಸ್ವಾಧೀನ, ಬಳಕೆ, ನಿರ್ವಹಣೆ, ಆದಾಯ, ಪರಭಾರೆ, ಹೀಗೆ. ಆಸ್ತಿ ಎಂಬುದು ಹಕ್ಕುಗಳ ಒಂದು ಕಟ್ಟು. ಒಂದೊಂದು ಕಡ್ಡಿ ಒಬ್ಬೊಬ್ಬರ ಕೈಯಲ್ಲಿರಬಹುದು.

ಕೊಡಗಿಗೆ ಇದು ಹೇಳಿ ಮಾಡಿಸಿದಂತಿದೆ. ಆ ಬೀಟೆ ಮರವನ್ನೇ ತೆಗೆದುಕೊಳ್ಳಿ. ಕೆಳಗಿನ ನೆಲ ಒಕ್ಕದ್ದು, ಅದರ ನೆರಳಲ್ಲಿ ಬೆಳೆದ ಕಾಫಿ ಒಕ್ಕದ್ದು, ಉದುರಿದ ಎಲೆಯ ಗೊಬ್ಬರವೂ ಒಕ್ಕದ್ದು. ಜಾಗ ಅನ್‌ರಿಡೀಮ್ಡ್ ಆಗಿದ್ದರೆ, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿಲ್ಲದಿದ್ದರೆ, ಮರ ಮಾತ್ರ ಸರ್ಕಾರದ್ದು. ಬಿರುಗಾಳಿಗೆ ಅದು ಗಿಡಗಳ ಮೇಲೆ ಉರುಳಿ ಬಿದ್ದರೆ ನಷ್ಟ ಒಕ್ಕಕ್ಕೆ, ನಾಟಾ ಸರ್ಕಾರಕ್ಕೆ. "ಈ ಜಾಗ ಯಾರದು?" ಎಂದು ಕೇಳಿದರೆ ಒಂದೇ ಹೆಸರಿನ ಉತ್ತರ ಸಿಗುವುದೇ ಇಲ್ಲ.

ಜಮ್ಮಾ ಹಿಡುವಳಿ ಕೂಡ ಮೊದಲಿನಿಂದ ಹೀಗೇ ಇದ್ದದ್ದು. ಪೂರ್ಣ ಕಂದಾಯದ ಸಾಗು ಜಮೀನಿಗೆ ಹೋಲಿಸಿದರೆ ಅರ್ಧದಷ್ಟು ಕಂದಾಯ, ಪ್ರತಿಯಾಗಿ ಅರಸನಿಗೆ ಬೇಕಾದಾಗ ಸೇವೆ. ವಂಶಪಾರಂಪರ್ಯದ ಹಕ್ಕು ಉಂಟು, ಮನಸ್ಸು ಬಂದಂತೆ ಮಾರುವ ಹಕ್ಕಿಲ್ಲ. ಆ ಕಟ್ಟಿನ ಒಂದು ಕಡ್ಡಿ ಇವತ್ತಿಗೂ ಉಳಿದಿದೆ: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ. ಅತ್ತ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಆದಿವಾಸಿ ಕುಟುಂಬಕ್ಕೆ ನಾಲ್ಕು ಹೆಕ್ಟೇರಿನವರೆಗೆ ಸಿಗುವ ಹಕ್ಕೂ ಮಕ್ಕಳಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ. ಹಳೆಯ ಜಮ್ಮಾ ಮತ್ತು ಹೊಸ ಅರಣ್ಯ ಹಕ್ಕು, ಎರಡೂ ಒಂದೇ ಅಚ್ಚಿನವು. ಇದನ್ನು ಯಾರೂ ಹೇಳುವುದಿಲ್ಲ, ಬಹುಶಃ ಇಬ್ಬರಿಗೂ ಇಷ್ಟವಾಗದೆಂದು.

ಈ ನೋಟಕ್ಕೂ ಒಂದು ಕೊರತೆಯಿದೆ. ಯಾರ ಕೈಯಲ್ಲಿ ಏನಿದೆ ಎಂದು ಕರಾರುವಾಕ್ಕಾಗಿ ಹೇಳುತ್ತದೆ, ಯಾರ ಕೈಯಲ್ಲಿ ಏನಿರಬೇಕು ಎಂದು ಹೇಳುವುದಿಲ್ಲ. ಕಡ್ಡಿಗಳನ್ನು ಒಂದೊಂದಾಗಿ ಎಳೆದುಕೊಳ್ಳುವ ಸರ್ಕಾರಕ್ಕೂ ಇದು ಅನುಕೂಲವೇ.

ಊರಿನದು

ದೇವರಕಾಡಿಗೆ ಬಂದರೆ ಮೇಲಿನ ಯಾವುದೂ ಸರಿಯಾಗಿ ಕೂರುವುದಿಲ್ಲ. ಜಿಲ್ಲೆಯಲ್ಲಿ ಇಂಥವು ಸಾವಿರದ ಇನ್ನೂರಕ್ಕೂ ಹೆಚ್ಚು. ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಎಲ್ಲರ ಹುಲ್ಲುಗಾವಲು ಕೊನೆಗೆ ಬೋಳಾಗುತ್ತದೆ ಎಂದು ಬರೆದ. ಬೇಲಿ ಸರಿದು ಸರಿದು ದೇವರಕಾಡುಗಳ ವಿಸ್ತೀರ್ಣ ಇಪ್ಪತ್ತನೆಯ ಶತಮಾನದಲ್ಲಿ ಅರ್ಧಕ್ಕಿಂತ ಕೆಳಗಿಳಿದದ್ದನ್ನು ನೋಡಿದರೆ ಅವನೇ ಸರಿ ಅನ್ನಿಸಬಹುದು. ಎಲಿನೊರ್ ಓಸ್ಟ್ರಂ 1990ರಲ್ಲಿ ಇದನ್ನು ಒಡೆದರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಅವರು ಎತ್ತಿಕೊಂಡ ಒಂದು ಉದಾಹರಣೆ ಸ್ವಿಟ್ಜರ್‌ಲೆಂಡಿನ ಟೋರ್ಬೆಲ್ ಎಂಬ ಬೆಟ್ಟದೂರು. ಚಳಿಗಾಲದಲ್ಲಿ ಮನೆಯಲ್ಲಿ ಎಷ್ಟು ಹಸು ಸಾಕಬಲ್ಲೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಊರ ಗೋಮಾಳಕ್ಕೆ ಬಿಡಬೇಕು ಎಂದು 1517ರಲ್ಲಿ ಬರೆದಿಟ್ಟ ನಿಯಮ ಅಲ್ಲಿಯದು. ಮಿತಿ ಗೊತ್ತಿರಬೇಕು, ನಿಯಮ ಮಾಡುವವರು ಬಳಸುವವರೇ ಆಗಿರಬೇಕು, ಕಾವಲಿರಬೇಕು, ತಪ್ಪಿಗೆ ಮೆಟ್ಟಿಲು ಮೆಟ್ಟಿಲಾಗಿ ದಂಡವಿರಬೇಕು. ಊರಿನ ಮುಖ್ಯಸ್ಥರಾದ ತಕ್ಕರ ಮಾತು ನಡೆಯುತ್ತಿದ್ದ ಕಾಲದಲ್ಲಿ ನಮ್ಮ ದೇವರಕಾಡುಗಳಿಗೆ ಇದೆಲ್ಲ ಇತ್ತು. ಕಾಡಿನ ದಾಖಲೆ ಒಂದು ಇಲಾಖೆಯಲ್ಲಿ, ಅಧಿಕಾರ ಮತ್ತೊಂದರಲ್ಲಿ, ಭಯಭಕ್ತಿ ಊರಿನಲ್ಲಿ ಎಂದಾದಾಗ ಅದು ಕಾಯುವವರಿಲ್ಲದ ಜಾಗವಾಯಿತು. ಹಾರ್ಡಿನ್ ಎಲ್ಲರದು ಎಂದು ಭಾವಿಸಿದ್ದು ವಾಸ್ತವದಲ್ಲಿ ಇಂಥ ಯಾರದೂ ಅಲ್ಲದ್ದನ್ನು.

ತದ್ವಿರುದ್ಧದ ಕಾಯಿಲೆ ಆರ್‌ಟಿಸಿಯಲ್ಲಿದೆ. ಮೈಕೆಲ್ ಹೆಲ್ಲರ್ 1998ರಲ್ಲಿ ಮಾಸ್ಕೋದ ಖಾಲಿ ಅಂಗಡಿಗಳನ್ನು ನೋಡಿ ಬರೆದದ್ದು: ಬೇಡ ಎನ್ನುವ ಹಕ್ಕು ತುಂಬ ಜನರ ಕೈಗೆ ಸಿಕ್ಕರೆ ಆಸ್ತಿ ಬಳಕೆಗೇ ಬಾರದೆ ಕೊಳೆಯುತ್ತದೆ. ಪಟ್ಟಿಯ ಎಲ್ಲರ ಸಹಿ ಬೇಕು, ಕೆನಡಾದವರು ಫೋನ್ ಎತ್ತುವುದಿಲ್ಲ, ಕೈಮಡ ಸೇರಿದವರ ವಾರಸುದಾರರು ಯಾರೆಂದು ತಿಳಿಯದು. ಸೂರಿನ ಹೆಂಚು ಬದಲಿಸಲು ಸಾಲ ಹುಟ್ಟದ ಐನ್‌ಮನೆಗಳಿಗೆ ಮಳೆಗಿಂತ ದೊಡ್ಡ ಶತ್ರು ಈ ಪಟ್ಟಿ.

ಯಾವುದನ್ನು ಹಿಡಿಯಬೇಕು

ಸಮಾಜವಾದದ ವಾದಕ್ಕೆ ಇಲ್ಲಿ ಜಾಗ ಕಡಿಮೆ ಕೊಟ್ಟಿದ್ದೇನೆ. ಅಂಬೇಡ್ಕರ್ 1947ರಲ್ಲೇ ಕೃಷಿಭೂಮಿ ರಾಷ್ಟ್ರದ ಒಡೆತನದಲ್ಲಿರಲಿ, ಸಾಮೂಹಿಕ ಬೇಸಾಯವಾಗಲಿ ಎಂದು ಸಂವಿಧಾನಕ್ಕೆ ಸೂಚಿಸಿದ್ದರು, ಒಪ್ಪಿಗೆಯಾಗಲಿಲ್ಲ. ಭೂಸುಧಾರಣೆ ಬಂದಾಗಲೂ ಕಾಫಿ, ಏಲಕ್ಕಿ, ಮೆಣಸು, ರಬ್ಬರ್ ತೋಟಗಳನ್ನು ಹೊರಗಿಟ್ಟರು. ಲೈನ್‌ಮನೆಯ ಪ್ರಶ್ನೆ ಇವತ್ತಿಗೂ ಹಸಿಯಾಗಿರುವುದಕ್ಕೆ ಆ ವಿನಾಯಿತಿಯೂ ಒಂದು ಕಾರಣ.

ನನ್ನ ಆಯ್ಕೆ ಹೀಗೆ. ಪರಿಸ್ಥಿತಿಯನ್ನು ಅರಿಯಲು ಹಕ್ಕುಗಳ ಕಟ್ಟು; ಮೊದಲು ಅದು, ಆಮೇಲೆ ಉಳಿದದ್ದು. ಸರ್ಕಾರದ ಎದುರು ನಿಂತಾಗ ಬೆಂಥಮ್ ಮತ್ತು 300ಎ. ಅಲ್ಲಿ ಅಜ್ಜನ ಬೆವರಿನ ಕಥೆ ಓಡುವುದಿಲ್ಲ. ದಾಖಲೆಯೇ ಇಲ್ಲದವರಿಗೆ ವಿಜ್ಞಾನೇಶ್ವರ. ಒಕ್ಕದೊಳಗಿನ ಪಾಲಿಗೆ ರೇಡಿನ್‌ರ ಗೆರೆ. ದೇವರಕಾಡಿಗೆ ಓಸ್ಟ್ರಂ ಬಿಟ್ಟರೆ ಬೇರೆ ಇಲ್ಲ. ಲಾಕ್‌ನನ್ನು ನಾನು ಕೊನೆಗಿಡುತ್ತೇನೆ. ಪೈಸಾರಿಗೆ ಅವನನ್ನು ಕರೆದರೆ ಲೈನ್‌ಮನೆಯವರೂ ಅವನನ್ನೇ ಕರೆಯುತ್ತಾರೆ, ಆಗ ಬಾಗಿಲು ಹಾಕುವಂತಿಲ್ಲ.

ಮುಂದಿನ ಸಭೆಗೆ ಹೋಗುವಾಗ ಒಂದು ಹಾಳೆ ಒಯ್ಯಿರಿ. ಎಡಗಡೆ ಗದ್ದೆ, ಬಾಣೆ, ಬೀಟೆ, ಪೈಸಾರಿ, ಲೈನ್‌ಮನೆ, ದೇವರಕಾಡು, ಐನ್‌ಮನೆ. ಮೇಲುಗಡೆ ವಾಸ, ಬಳಕೆ, ಆದಾಯ, ಮರ, ಮಾರಾಟ, ವಾರಸು. ಹಾಳೆಯ ಪ್ರತಿ ಚೌಕದಲ್ಲೂ ಈಗ ಯಾರಿದ್ದಾರೆ ಎಂದು ತುಂಬಿ. ಅಷ್ಟರಲ್ಲೇ ಅರ್ಧ ದಿನ ಹೋಗುತ್ತದೆ. ಲೈನ್‌ಮನೆಯ ಸಾಲನ್ನು ಅಲ್ಲಿ ವಾಸ ಇರುವವರನ್ನು ಕೂರಿಸಿಕೊಂಡೇ ತುಂಬಬೇಕು.